ಸೀಟಿಗೆ ದುಡ್ಡು ಹಾಕಬಹುದಾ?

ಸಿಇಟಿ ರಿಸಲ್ಟ್ ಬಂತೆಂದರೆ ಊರಿನಿಂದ ನನಗೆ ಫೋನು ಜಾಸ್ತಿ. ನಾನು ಬೆಂಗಳೂರಿನಲ್ಲಿದ್ದೇನೆ, ಯಾವುದೋ ಕಾಲದಲ್ಲಿ ಇಂಜಿನಿಯರಿಂಗ್ ಓದಿದ್ದೇನೆ. ಸಲಹೆ ಕೊಡಲು ಊರಿನವರ ಲೆಕ್ಕದಲ್ಲಿ ಇಷ್ಟು ಅರ್ಹತೆ ಸಾಕು. ಈ ಸಲ ಮೊದಲು ಫೋನು ಮಾಡಿದ್ದು ತಿಪಟೂರು ಕಡೆಯ ನಮ್ಮ ಚಿಕ್ಕಪ್ಪ.

"ಹುಡುಗಂಗೆ ರ‍್ಯಾಂಕು ಎಂಬತ್ತು ಸಾವಿರದ ಮೇಲೆ ಬಂದೈತೆ ಕಣಪ್ಪ. ಬೆಂಗ್ಳೂರಲ್ಲಿ ಒಂದು ಕಾಲೇಜ್ನೋರು ಕಂಪ್ಯೂಟರ್ ಸೈನ್ಸ್ ಕೊಡ್ತೀವಿ ಅಂತಾವ್ರೆ. ವರ್ಷಕ್ಕೆ ಮೂರು ಲಕ್ಷ, ಹಾಸ್ಟೆಲ್ ಬೇರೆ. ಹಾಕ್ಬೋದಾ?"

ಹಾಕಬಹುದಾ ಅನ್ನುವ ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ನಮ್ಮಲ್ಲಿ ದುಡ್ಡನ್ನೂ ಹಾಕುತ್ತಾರೆ, ಬೆಳೆಯನ್ನೂ ಹಾಕುತ್ತಾರೆ. ಚಿಕ್ಕಪ್ಪ ತೆಂಗು ಹಾಕಿದವರು. ಸಸಿ ನೆಟ್ಟು ಆರೇಳು ವರ್ಷ ಕಾದು ಕಾಯಿ ಕಂಡವರು. ಇಂಜಿನಿಯರಿಂಗ್ ಸೀಟನ್ನು ಅವರು ನೋಡುತ್ತಿರುವುದೂ ಹಾಗೇ. ಇವತ್ತು ಹಾಕಬೇಕು, ನಾಲ್ಕು ವರ್ಷಕ್ಕೆ ಫಸಲು. ಈ ಹೋಲಿಕೆ ಅವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಆಮೇಲೆ ಅನ್ನಿಸಿತು.

ಮೊದಲು ಒಂದು ವಿಷಯ. "ಡಿಗ್ರಿ ಮಾಡಿದರೆ ಉಪಯೋಗ ಇದೆಯಾ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಕರ್ನಾಟಕದಲ್ಲಿ ಒಂದೇ ಡಿಗ್ರಿಗೆ ಮೂರ್ನಾಲ್ಕು ರೇಟು ಇದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೊಡುವ ಬಿಇ ಪ್ರಮಾಣಪತ್ರವನ್ನೇ ನೋಡಿ. ಸರ್ಕಾರಿ ಕಾಲೇಜಿನಲ್ಲಿ ಓದಿದವನಿಗೆ ಅದು ವರ್ಷಕ್ಕೆ ನಲವತ್ತು ಸಾವಿರದ ಆಚೀಚೆ ಶುಲ್ಕದಲ್ಲಿ ಸಿಗುತ್ತದೆ. ಖಾಸಗಿ ಕಾಲೇಜಿನಲ್ಲಿ ಸಿಇಟಿ ಸೀಟಾದರೆ ಲಕ್ಷದ ಆಸುಪಾಸು. ಕಾಮೆಡ್‌-ಕೆ (ಖಾಸಗಿ ಕಾಲೇಜುಗಳು ಸೇರಿ ನಡೆಸುವ ಪ್ರವೇಶ ಪರೀಕ್ಷೆ) ಮೂಲಕ ಹೋದರೆ ಅದರ ಎರಡು, ಮೂರು ಪಟ್ಟು. ಮ್ಯಾನೇಜ್‌ಮೆಂಟ್ ಸೀಟಿಗೆ ಬಂದರೆ ರೇಟು ಅನ್ನುವುದೇ ಇಲ್ಲ. ಕಾಲೇಜು, ಬ್ರಾಂಚು, ತಿಂಗಳು, ಕೇಳುವ ಅಪ್ಪನ ಮುಖ ನೋಡಿ ಹೇಳುತ್ತಾರೆ. ಖಾಸಗಿ ಕಾಲೇಜಿನ ಈ ಮೂವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾಠ ಮಾಡುವ ಮೇಷ್ಟ್ರೂ ಒಬ್ಬರೇ.

ಈ ವ್ಯವಸ್ಥೆ ತಾನಾಗಿ ಹುಟ್ಟಿದ್ದಲ್ಲ. ಇದರ ಹಿಂದೆ ಕರ್ನಾಟಕದ್ದೇ ಒಂದು ದೊಡ್ಡ ಕಥೆ ಇದೆ. ದುಡ್ಡು ಕೊಟ್ಟು ಮೆಡಿಕಲ್, ಇಂಜಿನಿಯರಿಂಗ್ ಓದಬೇಕೆಂದರೆ ಒಂದು ಕಾಲದಲ್ಲಿ ಇಡೀ ದೇಶದವರು ನಮ್ಮ ರಾಜ್ಯಕ್ಕೆ ಬರುತ್ತಿದ್ದರು. ಸೀಟಿಗಾಗಿ ಕಾಲೇಜು ವಸೂಲಿ ಮಾಡುವ ಹೆಚ್ಚುವರಿ ದುಡ್ಡನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸಿ ಸರ್ಕಾರ 1984ರಲ್ಲೇ ಕಾಯ್ದೆ ತಂದಿತ್ತು. 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಶುಲ್ಕವನ್ನೂ ಗೊತ್ತು ಮಾಡಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದವರ ಖಾಸಗಿ ಸೀಟಿಗೆ 25,000, ಹೊರ ರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಕಾಲೇಜೊಂದು ಕೇಳಿದ್ದು ಈ 60,000. ಕಟ್ಟಲಾಗದೆ ಆಕೆ ಸುಪ್ರೀಂ ಕೋರ್ಟಿಗೆ ಹೋದರು. ಈ ರೀತಿ ವಸೂಲಿ ಮಾಡುವುದು ತಪ್ಪು ಎಂದು 1992ರಲ್ಲಿ ತೀರ್ಪು ಬಂತು.

ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಸ್ವಲ್ಪ ಸಡಿಲಿಸಿತು. ಅರ್ಧ ಸೀಟು ಮೆರಿಟ್‌ನವರಿಗೆ ಸರ್ಕಾರಿ ಶುಲ್ಕದಲ್ಲಿ, ಇನ್ನರ್ಧ ಹೆಚ್ಚು ದುಡ್ಡು ಕಟ್ಟುವವರಿಗೆ. 1994ರಲ್ಲಿ ನಮ್ಮಲ್ಲಿ ಸಿಇಟಿ ಶುರುವಾದದ್ದು ಈ ಹಿನ್ನೆಲೆಯಲ್ಲೇ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನೂ ತೆಗೆದುಹಾಕಿತು. ಶುಲ್ಕ ನಿಗದಿಯಲ್ಲಿ ಖಾಸಗಿ ಕಾಲೇಜುಗಳಿಗೆ ಸ್ವಾತಂತ್ರ್ಯ ಸಿಕ್ಕಿತು, ಲಾಭಕೋರತನ ಮಾತ್ರ ಕೂಡದು ಎಂಬ ಷರತ್ತಿನ ಮೇಲೆ. ಆ ಷರತ್ತು ಎಷ್ಟರ ಮಟ್ಟಿಗೆ ಉಳಿದಿದೆ ಅಂತ ಮ್ಯಾನೇಜ್‌ಮೆಂಟ್ ಸೀಟು ಕೇಳಲು ಹೋದ ಯಾವ ಅಪ್ಪನನ್ನು ಕೇಳಿದರೂ ಹೇಳುತ್ತಾರೆ. 2024ರ ಕೊನೆಯಲ್ಲಿ ಸೀಟು ಬ್ಲಾಕಿಂಗ್ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ನೌಕರನೇ ಒಬ್ಬನಿದ್ದ. ಮೆರಿಟ್ ಸೀಟನ್ನು ಯಾರದೋ ಹೆಸರಲ್ಲಿ ಹಿಡಿದಿಟ್ಟು, ಕೊನೆಗೆ ಖಾಲಿ ಉಳಿಸಿ, ಕಾಲೇಜಿನ ಪಾಲಿಗೆ ಬೀಳುವಂತೆ ಮಾಡುವ ಆಟ ಅದು.

ಈಗ ಚಿಕ್ಕಪ್ಪನ ಲೆಕ್ಕಕ್ಕೆ ಬರೋಣ. ವರ್ಷಕ್ಕೆ ಮೂರು ಲಕ್ಷದಂತೆ ನಾಲ್ಕು ವರ್ಷಕ್ಕೆ 12 ಲಕ್ಷ. ಹಾಸ್ಟೆಲ್ಲು, ಊಟ, ಬಸ್ಸು, ಲ್ಯಾಪ್‌ಟಾಪು ಎಲ್ಲ ಸೇರಿದರೆ 17 ಲಕ್ಷದ ಹತ್ತಿರ ಹೋಗುತ್ತದೆ. ಏಳು ಲಕ್ಷವನ್ನು ಹೇಗೋ ಹೊಂದಿಸಿದರು, 10 ಲಕ್ಷ ಬ್ಯಾಂಕಿನಿಂದ ಸಾಲ ತಂದರು ಅಂತ ಇಟ್ಟುಕೊಳ್ಳಿ. ಬಡ್ಡಿ ಶೇ 10. ವರ್ಷಕ್ಕೆ ಎರಡೂವರೆ ಲಕ್ಷದಂತೆ ಬ್ಯಾಂಕು ಕೊಡುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಬರೀ ಸರಳ ಬಡ್ಡಿ ಹಿಡಿದರೂ ಅಷ್ಟರೊಳಗೆ ಮೂರೂವರೆ ಲಕ್ಷ ಬೆಳೆದಿರುತ್ತದೆ. ಕಂತು ಶುರುವಾಗುವ ದಿನ ಸಾಲ 13.5 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 17,800 ರೂಪಾಯಿ. ಕೊನೆಗೆ ಕಟ್ಟಿದ್ದು 21 ಲಕ್ಷ ದಾಟಿರುತ್ತದೆ.

ಆ ಕಡೆ ಸಂಬಳ ಎಷ್ಟು? ದೊಡ್ಡ ಐಟಿ ಕಂಪನಿಗಳು ಸಾಮಾನ್ಯ ಕ್ಯಾಂಪಸ್ ನೇಮಕಾತಿಯಲ್ಲಿ ಕೊಡುವುದು ವರ್ಷಕ್ಕೆ ಮೂರೂಕಾಲರಿಂದ 3.6 ಲಕ್ಷ. ಪಿಎಫ್ ಅದು ಇದು ಕಳೆದು ಕೈಗೆ ಬರುವುದು ತಿಂಗಳಿಗೆ 25–26 ಸಾವಿರ. ಕಂತು ಕಟ್ಟಿದ ಮೇಲೆ ಉಳಿಯುವುದು ಏಳೆಂಟು ಸಾವಿರ. ಬೆಂಗಳೂರಿನಲ್ಲಿ ಊಟದ ಸಮೇತ ಒಂದು ಪಿಜಿಗೇ ಅದು ಸಾಲದು. ಅಂದರೆ ಕೆಲಸ ಸಿಕ್ಕ ಹುಡುಗನಿಗೂ ಅಪ್ಪನೇ ದುಡ್ಡು ಕಳಿಸಬೇಕು. ಕೆಲಸ ಸಿಗದಿದ್ದರೆ ಏನು ಅನ್ನುವುದು ಈ ಲೆಕ್ಕದಲ್ಲಿ ಇನ್ನೂ ಬಂದಿಲ್ಲ.

ಇದೇ ಲೆಕ್ಕವನ್ನು ಸಿಇಟಿ ಸೀಟಿಗೆ ಹಾಕಿ ನೋಡಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ. ಇಷ್ಟಕ್ಕೆ ಬ್ಯಾಂಕುಗಳು ಆಸ್ತಿ ಅಡವು ಕೇಳುವುದಿಲ್ಲ. ಕಂತು ಶುರುವಾಗುವಾಗ 5.4 ಲಕ್ಷ, ತಿಂಗಳಿಗೆ ಏಳು ಸಾವಿರ ಚಿಲ್ಲರೆ. ಕಷ್ಟ, ಆದರೆ 25 ಸಾವಿರ ಸಂಬಳದವನು ಉಸಿರು ಹಿಡಿದು ಕಟ್ಟಬಹುದು. ಮನೆಯ ವರಮಾನ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜಿಗೆ ಮಾನ್ಯತೆ ಇದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಎಂಟು ಲಕ್ಷದೊಳಗಿನವರಿಗೆ ಎಸ್‌ಎನ್‌ಕ್ಯೂ ಅಂತ ಶೇ 5ರಷ್ಟು ಹೆಚ್ಚುವರಿ ಸೀಟು ಇರುತ್ತದೆ, ಅದಕ್ಕೆ ಬೋಧನಾ ಶುಲ್ಕವೇ ಇಲ್ಲ. ನಮ್ಮೂರಿನಲ್ಲಿ ಈ ಮೂರಕ್ಷರ ಗೊತ್ತಿರುವವರು ಕಡಿಮೆ. ಏಜೆಂಟಿನ ನಂಬರು ಮಾತ್ರ ಎಲ್ಲರ ಫೋನಿನಲ್ಲೂ ಇದೆ.

ಸಂಬಳದ ವಿಷಯ ಇನ್ನೊಂದು ಚೂರು ಹೇಳಬೇಕು. ಆ ಮೂರೂಕಾಲು ಲಕ್ಷ ಅನ್ನುವುದು ಹೊಸದಲ್ಲ. 2012ರ ಹೊತ್ತಿಗೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಸರ್ಕಾರದ ಬೆಲೆ ಸೂಚ್ಯಂಕದ ಪ್ರಕಾರ 2012ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 2024ರಲ್ಲಿ 190 ದಾಟಿತ್ತು. ಹಾಗೆ ನೋಡಿದರೆ ಈಗಿನ ಫ್ರೆಶರ್ ಸಂಬಳ ಅಂದಿನ ಅರ್ಧಕ್ಕೆ ಇಳಿದಂತೆ. ಕಾಲೇಜು ಶುಲ್ಕ ಮಾತ್ರ ಹಿಂದೆ ತಿರುಗಿ ನೋಡಿಲ್ಲ.

ಇಲ್ಲೇ ಬೆಳೆಯ ಹೋಲಿಕೆ ಕೆಲಸಕ್ಕೆ ಬರುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು, ನೆನಪಿದೆಯಲ್ವಾ? ಆ ರೇಟು ಕೇಳಿದವರೆಲ್ಲ ಟೊಮೆಟೊ ಹಾಕಿದರು. ಎಲ್ಲರ ಫಸಲೂ ಒಟ್ಟಿಗೇ ಬಂದರೆ ಏನಾಗುತ್ತದೆ ಅಂತ ರೈತರಿಗೆ ಹೇಳಿಕೊಡಬೇಕಿಲ್ಲ. ಆದರೂ ಹಾಕುತ್ತಾರೆ. ಕೈಯಲ್ಲಿರುವುದು ಇವತ್ತಿನ ರೇಟು ಮಾತ್ರ.

ಕಂಪ್ಯೂಟರ್ ಸೈನ್ಸ್ ಸೀಟಿನಲ್ಲೂ ಆಗಿದ್ದು ಇದೇ. ಕೋವಿಡ್ ಸಮಯದಲ್ಲಿ ಜಗತ್ತೆಲ್ಲ ಆನ್‌ಲೈನ್ ಆಯಿತು. ಐಟಿ ಕಂಪನಿಗಳಿಗೆ ಕೆಲಸವೋ ಕೆಲಸ. 2021-22ರಲ್ಲಿ ಇನ್ಫೋಸಿಸ್ ಒಂದೇ 85,000 ಹೊಸಬರನ್ನು ತೆಗೆದುಕೊಂಡಿತು. ಟಿಸಿಎಸ್ ಒಂದು ಲಕ್ಷ ತೆಗೆದುಕೊಂಡಿತು. ಆ ವರ್ಷ ಊರೂರಿನಲ್ಲಿ ಸಿಹಿ ಹಂಚಿದರು. ಅದನ್ನು ನೋಡಿ ಮರುವರ್ಷ ಸಿಎಸ್ ಸೀಟಿಗೆ ನೂಕುನುಗ್ಗಲು, ರೇಟೂ ಏರಿತು. ಎರಡೇ ವರ್ಷದಲ್ಲಿ, ಅಂದರೆ 2023-24ರಲ್ಲಿ, ಇನ್ಫೋಸಿಸ್ ತೆಗೆದುಕೊಂಡ ಹೊಸಬರು 11,900. ಆಫರ್ ಲೆಟರ್ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕಾದ ಹುಡುಗರೂ ಇದ್ದರು. 2025ರ ಫೆಬ್ರುವರಿಯಲ್ಲಿ ಅದೇ ಕಂಪನಿಯ ಮೈಸೂರು ಕ್ಯಾಂಪಸ್ಸಿನಿಂದ, ಒಳಗಿನ ಪರೀಕ್ಷೆ ಪಾಸಾಗಲಿಲ್ಲ ಎಂದು 300ಕ್ಕೂ ಹೆಚ್ಚು ಟ್ರೈನಿಗಳನ್ನು ಮನೆಗೆ ಕಳಿಸಿದರು. ಅದೇ ವರ್ಷ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು.

ಅಷ್ಟರಲ್ಲಿ ಕಾಲೇಜುಗಳು ಏನು ಮಾಡಿದವು? ಸೀಟು ಹೆಚ್ಚಿಸಿದವು. ಒಂದು ಬ್ರಾಂಚಿಗೆ ಇಂತಿಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಕಾಲೇಜುಗಳಿಗೆ ಅನುಮತಿ ಕೊಡುವ ಕೇಂದ್ರದ ಸಂಸ್ಥೆ ಎಐಸಿಟಿಇ 2024-25ರಿಂದ ಒಳ್ಳೆಯ ಕಾಲೇಜುಗಳಿಗೆ ತೆಗೆದುಹಾಕಿತು. ಮೆಕ್ಯಾನಿಕಲ್, ಸಿವಿಲ್ ಕ್ಲಾಸುಗಳು ಕರಗುತ್ತಿದ್ದರೆ ಸಿಎಸ್‌ಗೆ ಸೆಕ್ಷನ್ ಮೇಲೆ ಸೆಕ್ಷನ್ ಸೇರುತ್ತಿವೆ. ಹೆಸರು ಬೇರೆ ಬೇರೆ: ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ. ಪಾಠ ಹೆಚ್ಚುಕಡಿಮೆ ಅದೇ. ಈಗ ಸೇರುವ ಹುಡುಗರೆಲ್ಲ ಒಟ್ಟಿಗೇ ಫಸಲಿಗೆ ಬರುವುದು ಇನ್ನು ನಾಲ್ಕು ವರ್ಷಕ್ಕೆ. ಅಷ್ಟರಲ್ಲಿ ಕೋಡ್ ಬರೆಯುವ ಎಐ ಎಲ್ಲಿಗೆ ಹೋಗಿರುತ್ತದೋ ಯಾರು ಕಂಡವರು. ರೇಟು ಆಗ ಏರಿರಲೂಬಹುದು. ಮೆಕ್ಯಾನಿಕಲ್‌ನವರಿಗೇ ಬೇಡಿಕೆ ಬಂದಿರಲೂಬಹುದು. ನಾನು ಜೋಯಿಸನಲ್ಲ. ನಾಲ್ಕು ವರ್ಷದಾಚೆಯ ಮಾರುಕಟ್ಟೆ ಗೊತ್ತಿಲ್ಲದಾಗ ಬೀಜಕ್ಕೆ ಎಷ್ಟು ಸುರಿಯಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಿದಾಗ ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ಹಂಗಾರೆ ಓದ್ಸೋದೇ ಬ್ಯಾಡ ಅಂತೀಯಾ?"

ಅದನ್ನು ನಾನು ಹೇಳುವುದಿಲ್ಲ. ಓದಿದವರಿಗೇ ಕೆಲಸ ಇಲ್ಲ ಅನ್ನುವವರು ಸಾಮಾನ್ಯವಾಗಿ ಒಂದು ಅಂಕಿ ಹಿಡಿದು ಬರುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ಭಾರತ ಉದ್ಯೋಗ ವರದಿಯದ್ದು. 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದವರಲ್ಲಿ ಶೇ 3.4. ಮೇಲ್ನೋಟಕ್ಕೆ ಡಿಗ್ರಿ ಮಾಡಿದವನೇ ದಡ್ಡ ಅನ್ನಿಸುತ್ತದೆ. ಆದರೆ ಓದಿಲ್ಲದ ಹುಡುಗ ಒಂದು ದಿನ ಗಾರೆ ಕೆಲಸಕ್ಕೆ ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವನು ನಿರುದ್ಯೋಗಿಯಾಗಿ ಕೂರಲು ಅವಕಾಶವೇ ಇಲ್ಲ. ಡಿಗ್ರಿ ಮಾಡಿದವನು ಕಾಯುತ್ತಾನೆ, ಅಪ್ಪ ಕಾಯಲು ಬಿಡುತ್ತಾನೆ. ಬೆಂಗಳೂರಿನ ವಿಜಯನಗರ, ಧಾರವಾಡದ ಕೋಚಿಂಗ್ ಸೆಂಟರುಗಳ ಸುತ್ತ ಬಾಡಿಗೆ ರೂಮುಗಳಲ್ಲಿ ಐದಾರು ವರ್ಷ ಕಾಯುವವರನ್ನು ನೋಡಿದ್ದೇನೆ. ಪಿಯುಸಿ ಅರ್ಹತೆಯ ಗ್ರಾಮ ಆಡಳಿತಾಧಿಕಾರಿ ಹುದ್ದೆಗೂ ಅವರು ಪರೀಕ್ಷೆ ಬರೆಯುತ್ತಾರೆ. ಕಾಯುವುದಕ್ಕೆ ಸರ್ಕಾರವೂ ಒಂದು ಬೆಲೆ ಕಟ್ಟಿದೆ. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ಕೊಟ್ಟರು.

ಡಿಗ್ರಿಗೆ ಇನ್ನೊಂದು ಮಾರುಕಟ್ಟೆಯೂ ಇದೆ. ಅದನ್ನು ಬಿಟ್ಟರೆ ಚಿಕ್ಕಪ್ಪನ ಆತಂಕ ಅರ್ಥವಾಗುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಹುಡುಗರು ಪಾದಯಾತ್ರೆ ಹೋದರು. ಹೆಣ್ಣು ಸಿಗಲಪ್ಪಾ ಮಾದಪ್ಪ ಅಂತ. ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಅನ್ನುವುದು ಹಳೇ ಮೈಸೂರು ಭಾಗದಲ್ಲಿ ನಗುವ ವಿಷಯವಲ್ಲ. ಹತ್ತು ಎಕರೆ ತೋಟಕ್ಕೆ ಸಿಗದ ಮರ್ಯಾದೆ "ಬೆಂಗ್ಳೂರಲ್ಲಿ ಸಾಫ್ಟ್‌ವೇರು" ಅನ್ನುವ ಎರಡು ಮಾತಿಗೆ ಸಿಗುತ್ತದೆ. ಮೂರು ಲಕ್ಷದ ಸೀಟಿನಲ್ಲಿ ಎಷ್ಟು ಭಾಗ ಓದಿಗೆ, ಎಷ್ಟು ಭಾಗ ಇದಕ್ಕೆ ಅಂತ ಬಿಡಿಸಿ ಹೇಳಲು ನನಗಂತೂ ಬರುವುದಿಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶುಲ್ಕ ಕೆಲವು ಸಾವಿರ ದಾಟುವುದಿಲ್ಲ, 2023ರ ಜೂನ್‌ನಿಂದ ಬಸ್ಸೂ ಫ್ರೀ. ಅಲ್ಲಿ ಬಿಕಾಂ ಮಾಡಿದ ಹುಡುಗಿಗೆ ಡಿಗ್ರಿ ಅಂದರೆ ಮೂರು ವರ್ಷ ಮುಂದೆ ಹೋದ ಮದುವೆ, ಬ್ಯಾಂಕ್ ಪರೀಕ್ಷೆ ಬರೆಯುವ ಅರ್ಹತೆ, ಸ್ವಂತ ಫೋನು. ಆ ಬೆಲೆಗೆ ಅಷ್ಟು ಸಿಕ್ಕರೆ ಲಾಸಿನ ಮಾತೇ ಇಲ್ಲ.

ಗಂಡುಮಕ್ಕಳಿಗೂ ಬೇರೆ ದಾರಿಗಳಿವೆ, ನಾವು ಅವನ್ನು ಎರಡನೇ ದರ್ಜೆ ಅಂತ ತಳ್ಳಿದ್ದೇವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿದರೆ ಬಿಇಗೆ ನೇರ ಎರಡನೇ ವರ್ಷಕ್ಕೆ ಸೇರಬಹುದು. ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಆಂಡ್ ಡೈ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ) ಡಿಪ್ಲೊಮಾ ಇದೆ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಶುರುವಾದ ಸಂಸ್ಥೆ ಅದು. ಪೀಣ್ಯದ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಅಲ್ಲಿಯ ಹುಡುಗರ ಕೈಗೆ ಬೆಲೆ ಇದೆ ಅನ್ನುತ್ತಾರೆ. ಪಿಯುಸಿ ಮುಗಿಸಿದವರಿಗೆ ಬಿಸಿಎ, ಬಿಎಸ್ಸಿ ಇದೆ. ಹಾಗೆ ಓದಿದವರನ್ನು ತೆಗೆದುಕೊಂಡು, ಕೆಲಸ ಮಾಡುತ್ತಲೇ ಎಂಟೆಕ್ ಓದಿಸುವ ಕಾರ್ಯಕ್ರಮ ವಿಪ್ರೋದಲ್ಲಿ ಬಹಳ ವರ್ಷದಿಂದ ನಡೆಯುತ್ತಿದೆ. ಸಂಬಳ ಕಡಿಮೆ, ಬಾಂಡೂ ಇರುತ್ತದೆ. ಆದರೆ ಅಪ್ಪನ ತಲೆ ಮೇಲೆ 13 ಲಕ್ಷ ಇರುವುದಿಲ್ಲ.

ಕೊನೆಗೆ ಚಿಕ್ಕಪ್ಪನಿಗೆ ಒಂದು ಕೆಲಸ ಹಚ್ಚಿದೆ. ಕಾಲೇಜಿನವರು ಹೋರ್ಡಿಂಗಿನಲ್ಲಿ 40 ಲಕ್ಷದ ಪ್ಯಾಕೇಜು ಹಾಕಿರುತ್ತಾರೆ. ಅದು ಒಬ್ಬ ಹುಡುಗನದ್ದು, ಅವನು ಯಾವ ಕಾಲೇಜಿನಲ್ಲಿದ್ದರೂ ತೆಗೆದುಕೊಳ್ಳುತ್ತಿದ್ದ. ನೂರು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮಧ್ಯದವನಿಗೆ ಎಷ್ಟು ಬಂತು ಅಂತ ಕೇಳಿ ಅಂದೆ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ (ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ರ‍್ಯಾಂಕು) ಅರ್ಜಿ ಹಾಕಿದ ಕಾಲೇಜುಗಳು ಆ ಮಧ್ಯದ ಸಂಬಳವನ್ನೂ, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅನ್ನುವುದನ್ನೂ ಸರ್ಕಾರಕ್ಕೆ ಬರೆದುಕೊಡಬೇಕು. ಅದನ್ನು ವೆಬ್‌ಸೈಟಿನಲ್ಲೂ ಹಾಕಬೇಕು. ಹೋರ್ಡಿಂಗಿನ ಅಂಕಿಗೂ ಈ ಅಂಕಿಗೂ ಎಷ್ಟೋ ಕಡೆ ನೆಂಟಸ್ತಿಕೆಯೇ ಇರುವುದಿಲ್ಲ. ಮತ್ತೆ, ಶೇ 90 ಪ್ಲೇಸ್‌ಮೆಂಟ್ ಅಂದರೆ ಯಾರಲ್ಲಿ ಶೇ 90 ಅಂತಲೂ ಕೇಳಬೇಕು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರನ್ನು, ಅಂಕ ಕಡಿಮೆ ಇದ್ದವರನ್ನು "ಅರ್ಹರಲ್ಲ" ಅಂತ ಮೊದಲೇ ಪಟ್ಟಿಯಿಂದ ತೆಗೆದಿರುತ್ತಾರೆ. ಅವರೂ ಶುಲ್ಕ ಪೂರ್ತಿ ಕಟ್ಟಿದವರೇ ಅಲ್ವಾ?

ನನ್ನದೊಂದು ಒರಟು ಲೆಕ್ಕ ಇದೆ. ನಾಲ್ಕು ವರ್ಷದ ಕಾಲೇಜು ಶುಲ್ಕವೆಲ್ಲ ಸೇರಿ ಆ ಮಧ್ಯದ ಹುಡುಗನ ಒಂದೂವರೆ ವರ್ಷದ ಸಂಬಳ ದಾಟಬಾರದು. ದಾಟಿದರೆ ಆ ಸೀಟು ನಮ್ಮಂಥವರಿಗಲ್ಲ. ಮನೆಯಲ್ಲಿ ದುಡ್ಡು ಕೊಳೆಯುತ್ತಿದ್ದರೆ ಮಾತು ಬೇರೆ. ಸೈಟು ಮಾರಿ, ಒಡವೆ ಇಟ್ಟು, ತೋಟದ ಪಹಣಿ ಬ್ಯಾಂಕಿಗೆ ಕೊಟ್ಟು ಸೇರಿಸುವವರಿಗೆ ಮಾತ್ರ ಈ ಲೆಕ್ಕ. ಬೆಳೆ ಕೈಕೊಟ್ಟರೆ ಅವರಿಗೆ ಇನ್ನೊಂದು ಬೆಳೆ ಹಾಕಲು ನೆಲವೇ ಉಳಿದಿರುವುದಿಲ್ಲ.

ಎರಡು ದಿನ ಬಿಟ್ಟು ಹುಡುಗನೇ ಫೋನು ಮಾಡಿದ. "ಅಣ್ಣ, ಗವರ್ನಮೆಂಟ್ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ರೂ ಸಿಗ್ಬೋದು. ಹಾಸನ, ರಾಮನಗರ ಎರಡನ್ನೂ ಮೇಲೆ ಹಾಕ್ತೀನಿ. ಅಪ್ಪಂಗೆ ಸಿಎಸ್ಸೇ ಆಗ್ಬೇಕು ಅಂತ ಹಟ. ನೀವೇ ಒಂದ್ಮಾತು ಹೇಳಿ." ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಗೆ, ಎಷ್ಟು ಬೇಕಾದರೂ ಹಾಕು, ಪ್ರಾಯೋಗಿಕವಾಗಿ ಸೀಟು ಹಂಚಿ ತೋರಿಸುವ ಮಾಕ್ ಅಲಾಟ್‌ಮೆಂಟ್ ನೋಡಿ ಆಮೇಲೆ ಹಿಂದೆ ಮುಂದೆ ಮಾಡು ಅಂದೆ.

ಮೊನ್ನೆ ರಾತ್ರಿ ಚಿಕ್ಕಪ್ಪ ಮತ್ತೆ ಫೋನು ಮಾಡಿದ್ದರು. ದನಿಯಲ್ಲಿ ಏನೋ ಗೆಲುವು.

"ಆ ಮೂರು ಲಕ್ಷದೋರು ದಿನಾ ಫೋನ್ ಮಾಡ್ತಾವ್ರೆ ಕಣಪ್ಪ. ಈಗ ಎರಡೂವರೆಗೇ ಕೊಡ್ತೀವಿ, ನಾಳೇನೇ ಬಂದು ಕಟ್ಟಿ ಅಂತಾವ್ರೆ. ಏನ್ ಮಾಡ್ಲಿ?"

ಕೊಬ್ಬರಿ ಮಂಡಿಯಲ್ಲಿ ದಲ್ಲಾಳಿ ಇಷ್ಟು ಅವಸರ ಮಾಡಿದರೆ ನೀವೇನು ಮಾಡ್ತೀರಿ ಅಂತ ಕೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕರು.